ಮರದ ತೊಗಟೆ: ಅದರ ರಚನೆ, ಕೆಲಸ ಮತ್ತು ರಕ್ಷಣೆ

ತೊಗಟೆಯೆಂದರೆ ಮರದ ಮೈಮೇಲಿನ ಒಣ ಹೊದಿಕೆ, ಅದು ಇದ್ದರೂ ಹೋದರೂ ಮರಕ್ಕೆ ಹೆಚ್ಚಿನ ಬಾಧಕವಿಲ್ಲ ಎಂಬ ಭಾವನೆಯು ಗ್ರಾಮಾಂತರಗಳಲ್ಲಿ ಸಾಮಾನ್ಯವಾಗಿರುವುದು. ದನ ಕಟ್ಟಿದ ಹಗ್ಗವು ಉಜ್ಜಿ ಹೊಂಗೆಯ ಬುಡದ ತೊಗಟೆ ಸವೆದುಹೋದರೆ ಯಾರೂ ಅದನ್ನು ಗಮನಿಸುವುದಿಲ್ಲ. ಬೇಲಿಯ ತಂತಿಯನ್ನು ಬೇವಿನ ಮರಕ್ಕೆ ಸುತ್ತಿ ಬಿಗಿದು ಮರೆತುಬಿಡುತ್ತಾರೆ. ಹತ್ತುವುದಕ್ಕೆ ಅನುಕೂಲವಾಗಲೆಂದು ತೆಂಗಿನ ಕಾಂಡದಲ್ಲಿ ಮೆಟ್ಟಿಲುಗಳನ್ನು ಕಡಿಯುತ್ತಾರೆ. ಮರವು ಆ ಕೂಡಲೆ ಸಾಯದಿರುವುದರಿಂದ ಕೆಡುಕೇನೂ ಆಗಲಿಲ್ಲವೆಂದು ತಿಳಿಯುತ್ತಾರೆ. ಒಂದೆರಡು ವರ್ಷಗಳ ಮೇಲೆ ಮರವು ಸೊರಗಿ ಎಲೆ ಉದುರಿಸಿದಾಗ, ಅದಕ್ಕೆ ಮಳೆಯನ್ನೋ ಮಣ್ಣನ್ನೋ ಜನರ ದೃಷ್ಟಿಯನ್ನೋ ಕಾರಣವೆಂದು ಹೇಳುವುದುಂಟು.

ಹಾಗಾದರೆ ತೊಗಟೆಯನ್ನು ಎಂದಿಗೂ ಮುಟ್ಟಲೇಬಾರದೆಂದು ಹೇಳೋಣವೇ? ಅದೂ ಸರಿಯಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ಗಿಡದ ಹೊರತೊಗಟೆಯನ್ನು ಬೇಕೆಂದೇ ಉಜ್ಜಿ ತೆಗೆಯುತ್ತಾರೆ. ಗಿಡಕ್ಕೆ ಅದರಿಂದ ಹಿತವೇ ಆಗುತ್ತದೆ. ಪೋರ್ಚುಗಲ್ ದೇಶದಲ್ಲಿ ಬೆಂಡಿನ ಓಕ್ ಮರದ ಹೊರತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆ ಸುಲಿದು ಮಾರುತ್ತಾರೆ. ಮರವು ಸಾಯದೆ ಮತ್ತೆ ತೊಗಟೆ ಹೊದೆಯುತ್ತದೆ. ಒಂದು ಮರವು ತೊಗಟೆ ಹೋದುದರಿಂದ ಸಾಯುವುದು, ಇನ್ನೊಂದು ಮರವು ತೊಗಟೆ ಹೋದರೂ ಬದುಕುವುದು; ಇದಕ್ಕೆ ಮುಖ್ಯ ಕಾರಣವು ಆಯುಧವು ಎಷ್ಟು ಆಳಕ್ಕೆ ಇಳಿಯಿತು ಎಂಬುದೇ ಆಗಿದೆ. ಆ ಆಳವನ್ನು ವ್ಯವಸಾಯಗಾರರು ಅರಿತುಕೊಂಡರೆ, ನಲವತ್ತು ವರ್ಷ ಸಾಕಿದ ಮರವನ್ನು ಒಂದು ಗಳಿಗೆಯ ಅಜಾಗ್ರತೆಯಿಂದ ಕಳೆದುಕೊಳ್ಳುವ ನಷ್ಟವು ತಪ್ಪುವುದು. ಅದನ್ನು ವಿವರಿಸುವುದೇ ಈ ಕರಪತ್ರದ ಉದ್ದೇಶ.

1. ತೊಗಟೆಯ ಪದರಗಳು

ಸವರಿ ಹಾಕಿದ ಹೊಂಗೆಯ ಅಥವಾ ಮಾವಿನ ಹಸಿಕೊಂಬೆಯೊಂದನ್ನು ತೆಗೆದುಕೊಂಡು, ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿ ನೋಡಿದರೆ, ಹೊರಗಿನಿಂದ ಒಳಕ್ಕೆ ಕ್ರಮವಾಗಿ ಈ ಕೆಳಗಣ ಭಾಗಗಳು ಇರುವುದನ್ನು ತಿಳಿಯಬಹುದು.

ಎಲ್ಲಕ್ಕಿಂತ ಹೊರಗೆ ಕಂದು ಅಥವಾ ಬೂದು ಬಣ್ಣದ ಒಣ ಸಿಪ್ಪೆ ಇರುವುದು. ಇದು ಬೆಂಡಿನ ಪದರ. ಇದರ ಕಣಗಳು ಸತ್ತವುಗಳು. ಅವುಗಳೊಳಗೆ ಗಾಳಿಯ ಹೊರತು ಬೇರೇನೂ ಹೆಚ್ಚಾಗಿ ಇರುವುದಿಲ್ಲ.

ಅದರ ಅಡಿಯಲ್ಲಿ ಬೆಂಡನ್ನು ಹುಟ್ಟಿಸುವ ಬಹು ತೆಳುವಾದ ಪದರವೊಂದಿದೆ. ಇದು ಸಜೀವವಾದದ್ದು. ಇದರ ಕಣಗಳು ಒಡೆದು ಎರಡಾಗುತ್ತ, ಹೊರಮೈಗೆ ಬೆಂಡನ್ನು ಕೂಡಿಸುತ್ತ ಹೋಗುವುವು. ಎಳೆಯ ಕೊಂಬೆಗಳಲ್ಲಿ ಒಣ ಸಿಪ್ಪೆಯನ್ನು ಉಗುರಿನಿಂದ ಕೆರೆದಾಗ ಕಾಣುವ ಹಸುರು ಭಾಗವು ಇದಕ್ಕೆ ಸ್ವಲ್ಪ ಒಳಗಿರುವುದು. ಕೊಂಬೆಗೆ ಜೀವವಿದೆಯೇ ಇಲ್ಲವೇ ಎಂಬುದನ್ನು ರೈತರು ಕೆರೆದು ಪರೀಕ್ಷಿಸುವುದು ಈ ಹಸುರನ್ನೇ.

ಅದಕ್ಕೂ ಒಳಗೆ ತೇವವಾಗಿ ಮೃದುವಾಗಿರುವ ಒಳತೊಗಟೆ ಇದೆ. ಸೆಣಬಿನಂತಹ ಗಿಡಗಳಿಂದ ನಾವು ತೆಗೆಯುವ ನಾರು ಈ ಭಾಗಕ್ಕೆ ಸೇರಿದ್ದು. ನಾರಿನ ನಡುನಡುವೆ ಆಹಾರವನ್ನು ಸಾಗಿಸುವ ಸೂಕ್ಷ್ಮನಾಳಗಳಿರುವುವು. ಇವು ಬರಿಗಣ್ಣಿಗೆ ಕಾಣವು.

ಒಳತೊಗಟೆಗೂ ಮರಕ್ಕೂ ನಡುವೆ, ಮುಟ್ಟಿದರೆ ಬೆರಳಿಗೆ ಜಾರುವಂತಹ ಲೋಳೆಯ ಪದರವೊಂದು ಇದೆ. ಇದನ್ನು ವರ್ಧನ ಪದರವೆಂದು ಕರೆಯೋಣ. ಕಾಗದದ ಹಾಳೆಯಷ್ಟೂ ದಪ್ಪವಿಲ್ಲದ ಈ ಪದರವೇ ಮರವನ್ನು ವರ್ಷವರ್ಷವೂ ದಪ್ಪಗೊಳಿಸುವುದು. ಇದು ಒಳಮೈಗೆ ಹೊಸ ಮರವನ್ನೂ ಹೊರಮೈಗೆ ಹೊಸ ಒಳತೊಗಟೆಯನ್ನೂ ಕಟ್ಟುತ್ತದೆ. ಮಳೆಗಾಲದಲ್ಲಿ ಮರವು ಬಿರುಸಾಗಿ ಬೆಳೆಯುವಾಗ ಈ ಪದರವು ರಸಭರಿತವಾಗಿರುವುದರಿಂದ ತೊಗಟೆಯು ಸುಲಭವಾಗಿ ಬಿಟ್ಟುಬರುವುದು. ಬೇಸಗೆಯಲ್ಲಿ ಅದೇ ತೊಗಟೆಯು ಮರಕ್ಕೆ ಅಂಟಿಕೊಂಡಿರುವುದು.

ಇದರ ಒಳಗಿರುವುದು ಮರ. ಬೇರು ಹೀರಿದ ನೀರು ಎಲೆಗಳಿಗೆ ಏರುವುದು ಮರದ ಹೊರಭಾಗದ ಹೊಸ ಪದರಗಳ ಮೂಲಕ. ನಡುವಿನ ಚೇಗು ನೀರನ್ನು ಸಾಗಿಸದು; ಮರವನ್ನು ಎತ್ತಿ ನಿಲ್ಲಿಸುವುದಷ್ಟೇ ಅದರ ಕೆಲಸ.

2. ಬೆಂಡಿನ ಕೆಲಸ

1665ನೆಯ ಇಸವಿಯಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿದ್ವಾಂಸರು ಬೆಂಡಿನ ತೆಳುವಾದ ಬಿಲ್ಲೆಯೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದು ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೋಣೆಗಳಿಂದ ಕೂಡಿರುವುದನ್ನು ಪ್ರಕಟಿಸಿದರು. ಜೀವಿಗಳ ಶರೀರದ ಅತಿ ಸಣ್ಣ ಘಟಕಕ್ಕೆ ಕೋಶ, ಎಂದರೆ ಕೋಣೆ, ಎಂಬ ಅರ್ಥದ ಹೆಸರು ಬಂದುದು ಅಲ್ಲಿಂದಲೇ. ಅವರು ಕಂಡದ್ದು ಸತ್ತ ಕಣಗಳ ಗೋಡೆಗಳನ್ನು.

ಈ ಗೋಡೆಗಳಲ್ಲಿ ಸುಬೆರಿನ್ ಎಂಬ ಮೇಣದಂತಹ ಪದಾರ್ಥವು ತುಂಬಿರುವುದು. ಅದರ ಮೂಲಕ ನೀರೂ ಗಾಳಿಯೂ ಬಹಳ ಮಟ್ಟಿಗೆ ಹಾಯಲಾರವು. ಆದುದರಿಂದಲೇ ಬೆಂಡಿನ ಬಿರಡೆಯು ಸೀಸೆಯೊಳಗಿನ ದ್ರವವನ್ನು ತಡೆದಿಡಬಲ್ಲದು. ಸೀಸೆಗೆ ಬಿರಡೆಯು ಹೇಗೋ ಮರಕ್ಕೆ ಬೆಂಡಿನ ಪದರವು ಹಾಗೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ಒಳಗಿನ ತೇವವು ಆರದಂತೆಯೂ, ರೋಗದ ಶಿಲೀಂಧ್ರಗಳು ಒಳನುಗ್ಗದಂತೆಯೂ ಅದು ಕಾಯುತ್ತದೆ. ಕಣಗಳಲ್ಲಿ ಗಾಳಿ ತುಂಬಿರುವ ಕಾರಣ ಬಿಸಿಯೂ ಬೇಗನೆ ಒಳಗೆ ಸೇರದು. ಬಯಲುಸೀಮೆಯ ಅಂಚಿನ ಕಾಡುಗಳಲ್ಲಿ ನೆಲದ ಹುಲ್ಲಿಗೆ ಬೆಂಕಿ ಬಿದ್ದು ಹೋದ ಮೇಲೂ, ದಪ್ಪ ತೊಗಟೆಯ ಕರಿಮತ್ತಿಯ ಮರಗಳು ಚಿಗುರುವುದನ್ನು ಅನೇಕರು ನೋಡಿರಬಹುದು. ಎಳೆಯ ಮರಗಳ ತೊಗಟೆಯು ತೆಳುವಾದದ್ದು. ಬದುವಿನ ಕಸಕ್ಕೆ ಇಟ್ಟ ಬೆಂಕಿಯ ಝಳಕ್ಕೇ ಅವುಗಳ ವರ್ಧನ ಪದರವು ಬೆಂದು ಸಾಯುವುದು.

ಆದರೆ ಒಳಗಿನ ಸಜೀವ ಭಾಗಗಳಿಗೆ ಉಸಿರಾಟವು ಬೇಕಷ್ಟೆ. ಅದಕ್ಕಾಗಿ ಬೆಂಡಿನಲ್ಲಿ ಅಲ್ಲಲ್ಲಿ ಸಡಿಲವಾದ ಉಸಿರುರಂಧ್ರಗಳಿರುವುವು. ಎಳೆಯ ಕೊಂಬೆಗಳ ಮೇಲೆ ಚುಕ್ಕೆಗಳಂತೆಯೋ ಅಡ್ಡಗೀರುಗಳಂತೆಯೋ ಕಾಣುವ ಉಬ್ಬುಗಳು ಇವೇ. ಮರದ ಬುಡಕ್ಕೆ ಮೊಳದೆತ್ತರ ಮಣ್ಣನ್ನೋ ಗೊಬ್ಬರವನ್ನೋ ಒಟ್ಟಿದರೆ ಈ ರಂಧ್ರಗಳು ಮುಚ್ಚಿ, ತೊಗಟೆಯು ಸದಾ ತೇವದಲ್ಲಿದ್ದು ಕೊಳೆಯುವುದಕ್ಕೆ ಆರಂಭವಾಗುವುದು. ಗೊಬ್ಬರವನ್ನು ಬೇರು ಹರಡಿರುವ ಕಡೆ ಹಾಕಬೇಕೇ ಹೊರತು ಕಾಂಡಕ್ಕೆ ತಗಲುವಂತೆ ಹಾಕಕೂಡದು.

ಮರವು ಒಳಗಿನಿಂದ ದಪ್ಪವಾಗುತ್ತ ಬಂದಂತೆ ಹೊರಗಿನ ಸತ್ತ ಬೆಂಡು ಹಿಗ್ಗಲಾರದೆ ಬಿರಿಯುವುದು. ಆಗ ಇನ್ನೂ ಒಳಗೆ ಹೊಸ ಬೆಂಡಿನ ಪದರವು ಹುಟ್ಟಿ, ಹಳೆಯದು ಹೊರಕ್ಕೆ ತಳ್ಳಲ್ಪಡುವುದು. ಹುಣಿಸೆಯ ಬಿರುಕು, ಕರಿಮತ್ತಿಯ ಮೊಸಳೆಯ ಚರ್ಮದಂತಹ ತುಂಡುಗಳು, ಸೀಬೆಯ ತೆಳುವಾದ ಚಕ್ಕೆಗಳು, ನೀಲಗಿರಿಯ ಉದ್ದುದ್ದ ಹಾಳೆಗಳು, ಎಲ್ಲವೂ ಈ ಒಂದೇ ಕೆಲಸದ ನಾನಾ ರೂಪಗಳು. ತಾನಾಗಿ ಕಳಚುವ ಇಂತಹ ಚಕ್ಕೆಗಳನ್ನು ಕಂಡು ರೋಗವೆಂದು ಭಯಪಡಬೇಕಾದುದಿಲ್ಲ.

ಬೆಂಡಿನ ಓಕ್ ಮರದ ಸಂಗತಿಯೂ ಈಗ ಸುಲಭವಾಗಿ ತಿಳಿಯುವುದು. ಮರಕ್ಕೆ ಸುಮಾರು 25 ವರ್ಷ ತುಂಬಿದ ಮೇಲೆ ಮೊದಲನೆಯ ಸಲ ಸುಲಿಯುವರು. ಕುಶಲರಾದ ಕೆಲಸಗಾರರು ಕೊಡಲಿಯನ್ನು ಬೆಂಡಿನ ದಪ್ಪದಷ್ಟೇ ಆಳಕ್ಕೆ ಹೊಡೆದು, ಒಳತೊಗಟೆಗೆ ಏಟು ತಗಲದಂತೆ ಹಲಗೆಯಾಗಿ ಎಬ್ಬಿಸುವರು. ಒಳತೊಗಟೆಯೂ ವರ್ಧನ ಪದರವೂ ಹಾಗೆಯೇ ಉಳಿಯುವುದರಿಂದ ಮರವು ಬದುಕಿ ಮತ್ತೆ ಬೆಂಡನ್ನು ಕಟ್ಟುವುದು. ಕೆಲಸಗಾರನ ಕೈ ತಪ್ಪಿ ಅರ್ಧ ಅಂಗುಲ ಆಳಕ್ಕೆ ಹೋದರೆ ಆ ಜಾಗದಲ್ಲಿ ಮುಂದೆ ಒಳ್ಳೆಯ ಬೆಂಡು ಸಿಕ್ಕುವುದಿಲ್ಲ.

3. ಒಳತೊಗಟೆಯ ಕೆಲಸ

ಬೇರು ಮರಕ್ಕೆ ಊಟ ಕೊಡುತ್ತದೆಯೆಂದು ಹೇಳುವ ವಾಡಿಕೆಯಿದೆ. ಇದು ಅರ್ಧ ಮಾತ್ರ ನಿಜ. ಬೇರು ಕೊಡುವುದು ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ. ಅನ್ನವು ಸಿದ್ಧವಾಗುವುದು ಎಲೆಗಳಲ್ಲಿ, ಬಿಸಿಲಿನ ಬಲದಿಂದ. ಆ ಅನ್ನವು ಸಕ್ಕರೆಯ ರೂಪದಲ್ಲಿ ಒಳತೊಗಟೆಯ ನಾಳಗಳ ಮೂಲಕ ಇಳಿದು ಬೇರಿಗೆ ತಲಪುವುದು. ಹೀಗೆ ಮರದಲ್ಲಿ ಎರಡು ದಾರಿಗಳು: ನೀರಿನ ದಾರಿಯು ಮರದೊಳಗೆ, ಅನ್ನದ ದಾರಿಯು ತೊಗಟೆಯೊಳಗೆ.

ಹದಿನೇಳನೆಯ ಶತಮಾನದಲ್ಲಿ ಇಟಲಿಯ ಮಾಲ್ಪೀಗಿ ಎಂಬ ವೈದ್ಯರು ಕಾಂಡದ ತೊಗಟೆಯನ್ನು ಉಂಗುರದಂತೆ ಸುಲಿದು, ಉಂಗುರದ ಮೇಲ್ಗಡೆಯ ಅಂಚು ಊದಿಕೊಳ್ಳುವುದನ್ನು ಗುರುತಿಸಿದರು. ಕೆಳಗೆ ಇಳಿಯಬೇಕಾದ ಆಹಾರವು ದಾರಿ ಕಾಣದೆ ಅಲ್ಲಿ ನಿಂತುದೇ ಆ ಊತಕ್ಕೆ ಕಾರಣ. ಕಾಲುವೆಯ ತೂಬನ್ನು ಮುಚ್ಚಿದರೆ ನೀರು ಮೇಲ್ಗಡೆ ನಿಂತು, ಕೆಳಗಿನ ಗದ್ದೆಯು ಒಣಗುವಂತೆಯೇ ಇದು.

ಮರವು ಆ ಕೂಡಲೆ ಸಾಯದಿರುವುದಕ್ಕೆ ಕಾರಣವೂ ಇದರಲ್ಲಿಯೇ ಇದೆ. ತೊಗಟೆ ಸುಲಿದರೂ ಮರದೊಳಗಿನ ನೀರಿನ ದಾರಿಯು ಉಳಿದಿರುವುದರಿಂದ ಎಲೆಗಳು ಹಸುರಾಗಿಯೇ ಇರುವುವು. ಬೇರುಗಳು ತಮ್ಮಲ್ಲಿ ಕೂಡಿಟ್ಟ ಆಹಾರದಿಂದ ಕೆಲವು ತಿಂಗಳು, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಮೇಲ್ಪಟ್ಟು, ಕಾಲ ಕಳೆಯುವುವು. ಆ ಗಂಟು ಕರಗಿದ ಮೇಲೆ ಬೇರು ಸಾಯುವುದು. ಬೇರು ಸತ್ತ ಮೇಲೆ ನೀರು ನಿಂತು ಮೇಲಿನ ಮರವೂ ಒಣಗುವುದು. ಇನ್ನೊಂದು ವಿಷಯವನ್ನು ವ್ಯವಸಾಯಗಾರರು ವಿಶೇಷವಾಗಿ ಗಮನಿಸತಕ್ಕದ್ದು. ಸುತ್ತಲೂ ತೊಗಟೆ ಹೋದ ಮರವು ಅದರ ಮರುಫಸಲಿನಲ್ಲಿ ಎಂದಿಗಿಂತಲೂ ಹೆಚ್ಚು ಹೂ ಕಾಯಿ ಬಿಡುವುದುಂಟು. ಅದು ಆರೋಗ್ಯದ ಲಕ್ಷಣವಲ್ಲ. ಬೇರಿಗೆ ಸೇರಬೇಕಾದ ಅನ್ನವೆಲ್ಲ ಮೇಲೆಯೇ ಉಳಿದುದರ ಫಲ. ಬಿತ್ತನೆಯ ಬೀಜವನ್ನು ಅಟ್ಟುಂಡ ಮನೆಯಲ್ಲಿ ಆ ತಿಂಗಳು ಊಟವು ಹೇರಳವಾಗಿರುವಂತೆ ಇದನ್ನು ತಿಳಿಯಬೇಕು.

ಬಿಗಿದ ತಂತಿಯೂ ಇದೇ ಕೆಲಸವನ್ನು ನಿಧಾನವಾಗಿ ಮಾಡುವುದು. ಮರವು ದಪ್ಪವಾಗುತ್ತದೆ, ತಂತಿಯು ಹಿಗ್ಗದು; ಕ್ರಮೇಣ ಅದು ತೊಗಟೆಯೊಳಗೆ ಇಳಿದು ಅನ್ನದ ದಾರಿಯನ್ನು ಅಮುಕುವುದು. ತಂತಿಯ ಮೇಲ್ಭಾಗವು ಗುಡುಸಾಗಿ ಊದಿಕೊಂಡಿದ್ದರೆ ಅನ್ನದ ದಾರಿ ಕಟ್ಟುತ್ತಿದೆಯೆಂದು ತಿಳಿದು ಒಡನೆಯೇ ತಂತಿಯನ್ನು ಕತ್ತರಿಸಬೇಕು. ಎಳೆಯ ಸಸಿಗೆ ಊರುಗೋಲು ಕಟ್ಟಿದ ಹುರಿಯನ್ನೂ, ಕಸಿಯ ಪಟ್ಟಿಯನ್ನೂ ಕಾಲಕ್ಕೆ ಸರಿಯಾಗಿ ಬಿಚ್ಚಬೇಕೆನ್ನುವುದು ಇದೇ ಕಾರಣದಿಂದ.

ಮರಕ್ಕೆ ಮೃತ್ಯುವಾದ ಈ ಉಂಗುರವನ್ನೇ ಬುದ್ಧಿವಂತನಾದ ತೋಟಗಾರನು ತನ್ನ ಉಪಯೋಗಕ್ಕೆ ತಿರುಗಿಸಿಕೊಂಡಿರುವನು. ದಾಳಿಂಬೆ, ಸೀಬೆ, ನಿಂಬೆಗಳಲ್ಲಿ ಗೂಟಿ ಕಟ್ಟುವಾಗ ಬೆರಳು ಗಾತ್ರದ ಕೊಂಬೆಯಿಂದ ಸುಮಾರು 2ರಿಂದ 3 ಸೆಂಟಿಮೀಟರ್ ಅಗಲದ ತೊಗಟೆಯ ಉಂಗುರವನ್ನು ತೆಗೆದು, ಒದ್ದೆ ಪಾಚಿಯನ್ನು ಸುತ್ತಿ ಕಟ್ಟುವರು. ಮೇಲೆ ನಿಂತ ಆಹಾರದ ಬಲದಿಂದ ಉಂಗುರದ ಮೇಲಂಚಿನಲ್ಲಿ ಬೇರು ಒಡೆಯುವುದು. ಇಲ್ಲಿ ತೊಗಟೆಯನ್ನು ಸುಲಿದರೆ ಸಾಲದು. ಮರದ ಮೇಲೆ ಉಳಿದ ಲೋಳೆಯನ್ನೂ ಚಾಕುವಿನ ಬೆನ್ನಿನಿಂದ ಚೆನ್ನಾಗಿ ಒರಸಬೇಕು. ಇಲ್ಲವಾದರೆ ವರ್ಧನ ಪದರವು ಹೊಸ ತೊಗಟೆಯನ್ನು ಕಟ್ಟಿ ದಾರಿಯನ್ನು ಕೂಡಿಸಿಬಿಡುವುದು, ಬೇರು ಬಾರದು. ಕಸಿಯಲ್ಲಿ ಬೇಕಾಗುವುದು ಇದಕ್ಕೆ ವಿರುದ್ಧವಾದದ್ದು: ಬೇರುಸಸಿಯ ವರ್ಧನ ಪದರವೂ ಕಸಿಕಡ್ಡಿಯ ವರ್ಧನ ಪದರವೂ ಒಂದನ್ನೊಂದು ಮುಟ್ಟುವಂತೆ ಕೂಡಿಸಬೇಕು. ಕಡ್ಡಿಯು ಸಸಿಗಿಂತ ತೆಳುವಾಗಿದ್ದರೆ ಅದನ್ನು ನಡುವೆ ಇಡದೆ ಒಂದು ಪಕ್ಕದ ಅಂಚಿಗೆ ಸರಿಸಿ ಕಟ್ಟತಕ್ಕದ್ದು.

4. ಗಾಯವೂ ಅದರ ಮಾಯುವಿಕೆಯೂ

ಮನುಷ್ಯನ ಅಥವಾ ದನದ ಗಾಯವು ಒಳಗಿನಿಂದ ತುಂಬಿಕೊಂಡು ಬರುವಂತೆ ಮರದ ಗಾಯವು ತುಂಬುವುದಿಲ್ಲ. ಒಮ್ಮೆ ಬಯಲಾಗಿ ಒಣಗಿದ ಮರವು ಮತ್ತೆ ಜೀವ ಪಡೆಯದು. ಗಾಯದ ಅಂಚಿನಲ್ಲಿ ಉಳಿದ ವರ್ಧನ ಪದರವು ತುಟಿಯಂತೆ ಉಬ್ಬಿ, ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಗಾಯದ ಮೇಲೆ ಹಬ್ಬಿ ಅದನ್ನು ಮುಚ್ಚುವುದು. ಅಷ್ಟರಲ್ಲಿ ಕೊಳೆತವು ಒಳಸೇರಿದರೆ ಮೇಲೆ ತೊಗಟೆಯಿದ್ದು ಒಳಗೆ ಪೊಟರೆಯಾಗುವುದು. ಆದುದರಿಂದ ಚಿಕ್ಕದಾದ, ನುಣುಪಾದ ಅಂಚಿನ ಗಾಯವು ಬೇಗ ಮಾಯುವುದು. ಹರಿದು ಜೂಲಾದ ಅಗಲ ಗಾಯವು ಮಾಯುವುದು ಕಷ್ಟ.

ಕೊಂಬೆಯನ್ನು ತೆಗೆಯಬೇಕಾದಾಗ ಮೊದಲು ಬುಡದಿಂದ ಒಂದು ಮೊಳ ದೂರದಲ್ಲಿ ಕೆಳಗಡೆಯಿಂದ ಗರಗಸವನ್ನು ಮೂರರಲ್ಲೊಂದು ಭಾಗದಷ್ಟು ಆಡಿಸಬೇಕು. ಆಮೇಲೆ ಅದಕ್ಕೆ ಸ್ವಲ್ಪ ಹೊರಗಡೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿಗೆ ಹೊರಗಡೆ, ಆ ಉಬ್ಬಿಗೆ ಪೆಟ್ಟಾಗದಂತೆ, ನೀಟಾಗಿ ಕೊಯ್ಯಬೇಕು. ಮಚ್ಚಿನಿಂದ ಮೇಲಿನಿಂದಲೇ ಕಡಿದರೆ ಕೊಂಬೆಯು ತನ್ನ ಭಾರಕ್ಕೆ ಜಗ್ಗಿ, ಕಾಂಡದ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಬೀಳುವುದು. ಉಬ್ಬನ್ನು ಬಿಡಬೇಕೆನ್ನುವುದು ಏತಕ್ಕೆಂದರೆ, ಗಾಯವನ್ನು ಮುಚ್ಚುವ ಶಕ್ತಿಯು ಹೆಚ್ಚಾಗಿರುವುದು ಅಲ್ಲಿಯೇ.

ಗಾಯಕ್ಕೆ ಸಗಣಿ ಮಣ್ಣು ಮೆತ್ತುವ ವಾಡಿಕೆಯಿದೆ. ಗಾಯವನ್ನು ಮಾಯಿಸುವುದು ಮರವೇ ಹೊರತು ಮೇಲಿನ ಲೇಪವಲ್ಲ. ಸಣ್ಣ ಗಾಯಗಳಿಗೆ ಯಾವ ಲೇಪವೂ ಅವಶ್ಯವಿಲ್ಲ. ಆದರೆ ಮಳೆ ಹೆಚ್ಚಾದ ಸೀಮೆಗಳಲ್ಲಿ, ಶಿಲೀಂಧ್ರ ರೋಗದ ಭಯವಿರುವ ಕಿತ್ತಳೆ, ನಿಂಬೆ, ತೆಂಗು ಮೊದಲಾದುವುಗಳಿಗೆ ಬೋರ್ಡೋ ಮುಲಾಮನ್ನು ಹಚ್ಚುವುದು ಒಳ್ಳೆಯದು. ಅದನ್ನು ಮಾಡುವ ಕ್ರಮವೇನೆಂದರೆ: 1 ಕಿಲೋ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಬೇಕು, 1 ಕಿಲೋ ಸುಣ್ಣವನ್ನು ಬೇರೆ 5 ಲೀಟರ್ ನೀರಿನಲ್ಲಿ ಕಲಸಿ ಸೋಸಬೇಕು, ಎರಡನ್ನೂ ಕೂಡಿಸಿ ಚೆನ್ನಾಗಿ ತಿರುವಬೇಕು. ಕಬ್ಬಿಣದ ಪಾತ್ರೆಯನ್ನು ಉಪಯೋಗಿಸಕೂಡದು. ಹೊಳಪಾದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಕಂಡುಬಂದರೆ ಇನ್ನೂ ಸ್ವಲ್ಪ ಸುಣ್ಣವನ್ನು ಕೂಡಿಸಬೇಕು. ಅಂದಂದು ಮಾಡಿದ್ದನ್ನು ಅಂದಂದೇ ಹಚ್ಚಬೇಕು.

ದನ ಮೇಕೆಗಳು ಉಜ್ಜಿ ಅಥವಾ ಕಚ್ಚಿ ತೊಗಟೆಯು ಬಿಟ್ಟುಕೊಂಡಿದ್ದರೆ, ಹಸಿ ಆರುವುದಕ್ಕೆ ಮುಂಚೆಯೇ ಅದನ್ನು ಮರಕ್ಕೆ ಒತ್ತಿ, ಒದ್ದೆ ಗೋಣಿಯಿಂದ ಕಟ್ಟಿದರೆ ಅನೇಕ ವೇಳೆ ಕೂಡಿಕೊಳ್ಳುವುದು. ಸುತ್ತಳತೆಯಲ್ಲಿ ಸ್ವಲ್ಪ ಭಾಗದ ತೊಗಟೆ ಉಳಿದಿದ್ದರೂ ಆ ದಾರಿಯಿಂದಲೇ ಬೇರಿಗೆ ಅನ್ನವು ಇಳಿಯುವುದರಿಂದ, ಅಂಥ ಮರವನ್ನು ಕಡಿಯದೆ ಆರೈಕೆ ಮಾಡಬೇಕು.

5. ತೆಂಗು ಅಡಿಕೆಗಳ ವಿಷಯ

ಇದುವರೆಗೆ ಹೇಳಿದುದು ಮಾವು, ಹಲಸು, ಹೊಂಗೆ ಮೊದಲಾದ ಮರಗಳಿಗೆ ಅನ್ವಯಿಸುವುದು. ತೆಂಗು, ಅಡಿಕೆ, ಈಚಲುಗಳು ಬೇರೆ ಜಾತಿಯವು. ಅಡಿಕೆಯ ದಬ್ಬೆಯ ತುದಿಯನ್ನು ನೋಡಿದರೆ ಇದು ಸ್ಪಷ್ಟವಾಗುವುದು: ಅಲ್ಲಿ ಉಂಗುರಗಳಿಲ್ಲ, ಚೇಗಿಲ್ಲ, ಚುಕ್ಕೆ ಚುಕ್ಕೆಯಾಗಿ ನಾರಿನ ಕಟ್ಟುಗಳು ಚದರಿರುವುವು. ನೀರಿನ ದಾರಿಯೂ ಅನ್ನದ ದಾರಿಯೂ ಒಂದೊಂದು ಕಟ್ಟಿನಲ್ಲಿಯೂ ಜೊತೆಯಾಗಿವೆ. ತೊಗಟೆಗೂ ಮರಕ್ಕೂ ನಡುವಣ ವರ್ಧನ ಪದರವು ಈ ಜಾತಿಯಲ್ಲಿ ಇಲ್ಲವೇ ಇಲ್ಲ.

ಇದರಿಂದ ಒಂದು ಲಾಭವೂ ಒಂದು ನಷ್ಟವೂ ಉಂಟು. ಹೊರಮೈಯ ಸಿಪ್ಪೆಯು ಸವೆದ ಮಾತ್ರಕ್ಕೆ ಈ ಮರಗಳು ಸಾಯುವುದಿಲ್ಲ, ಇದು ಲಾಭ. ಆದರೆ ಒಮ್ಮೆ ಆದ ಗಾಯವು ಎಂದೆಂದಿಗೂ ಮುಚ್ಚದು, ಇದು ನಷ್ಟ. ಮಾವಿನ ಕಾಂಡದ ಮೇಲೆ ಬಿದ್ದ ಮಚ್ಚಿನ ಏಟು ಕೆಲವು ವರ್ಷಗಳಲ್ಲಿ ಮುಚ್ಚಿಹೋಗಬಹುದು. ತೆಂಗಿನ ಕಾಂಡದಲ್ಲಿ ಕಡಿದ ಮೆಟ್ಟಿಲು ಮಾತ್ರ, ಮರವು ಇನ್ನು ಐವತ್ತು ವರ್ಷ ಬಾಳಿದರೆ ಐವತ್ತು ವರ್ಷವೂ ಬಾಯಿ ತೆರೆದುಕೊಂಡೇ ಇರುವುದು. ಅದರಲ್ಲಿ ಮಳೆಯ ನೀರು ನಿಲ್ಲುವುದು; ಕೆಂಪು ಮೂತಿ ಹುಳುವು ಗಾಯದ ವಾಸನೆಗೆ ಬಂದು ಮೊಟ್ಟೆಯಿಡುವುದು; ಕಾಂಡದಿಂದ ಕೆಂಪು ಮಿಶ್ರಿತ ರಸ ಸೋರುವ ರೋಗಕ್ಕೂ ಇಂತಹ ಬಿರುಕುಗಳೇ ಬಾಗಿಲು. ಆದುದರಿಂದ ಮೆಟ್ಟಿಲು ಕಡಿಯುವ ಪದ್ಧತಿಯನ್ನು ಬಿಟ್ಟು, ಹಗ್ಗದ ಬಳೆಯಿಂದಲೋ ಮರ ಹತ್ತುವ ಯಂತ್ರದಿಂದಲೋ ಕಾಯಿ ಇಳಿಸಬೇಕು. ರಸ ಸೋರುವುದು ಕಂಡುಬಂದರೆ ಕೆಟ್ಟ ಭಾಗವನ್ನು ಉಳಿಯಿಂದ ಪೂರ್ತಿಯಾಗಿ ಕೆತ್ತಿ ತೆಗೆದು, ಸುಟ್ಟು, ಗಾಯಕ್ಕೆ ಬೋರ್ಡೋ ಮುಲಾಮನ್ನು ಹಚ್ಚಬೇಕು.

ಅಡಿಕೆಯ ಕಾಂಡಕ್ಕೆ ದಪ್ಪ ಬೆಂಡಿನ ರಕ್ಷಣೆ ಇಲ್ಲದಿರುವುದರಿಂದ, ನೈಋತ್ಯ ದಿಕ್ಕಿನ ಇಳಿಬಿಸಿಲು ನೇರವಾಗಿ ಬಡಿದರೆ ಕಾಂಡದ ಆ ಮಗ್ಗುಲು ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ ಸೀಳುವುದು. ಇಂತಹ ಮರಗಳು ಗಾಳಿಗೆ ಅದೇ ಜಾಗದಲ್ಲಿ ಮುರಿಯುವುವು. ತೋಟದ ದಕ್ಷಿಣ ಮತ್ತು ಪಶ್ಚಿಮದ ಅಂಚಿನಲ್ಲಿ ನೆರಳಿನ ಮರಗಳನ್ನು ಬೆಳೆಸುವುದೂ, ಬಿಸಿಲು ಬೀಳುವ ಕಾಂಡಗಳಿಗೆ ಅಡಿಕೆ ಹಾಳೆ ಅಥವಾ ಸೋಗೆಯನ್ನು ಕಟ್ಟುವುದೂ, ಸುಣ್ಣ ಬಳಿಯುವುದೂ ಮರಕ್ಕೆ ಇಲ್ಲದ ಬೆಂಡನ್ನು ನಾವು ಒದಗಿಸಿಕೊಟ್ಟಂತೆ ಆಗುವುದು.

6. ಕಾಫಿ, ಕಿತ್ತಳೆ ಮತ್ತು ಆಲೂಗಡ್ಡೆ

ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕವು ದೊಡ್ಡ ಶತ್ರು. ಇದರ ದುಂಬಿಯು ಏಪ್ರಿಲ್, ಮೇ ತಿಂಗಳುಗಳಲ್ಲಿಯೂ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹಾರಾಡಿ, ಕಾಂಡದ ಮೇಲಿನ ಸಡಿಲವಾದ ಸಿಪ್ಪೆಯ ಸಂದುಗಳಲ್ಲಿ ಮೊಟ್ಟೆಯಿಡುವುದು. ಮರಿಹುಳುವು ಮೊದಲು ತೊಗಟೆಯ ಅಡಿಯಲ್ಲಿ ತಿಂದು, ಬಳಿಕ ಮರದೊಳಗೆ ಸುರಂಗ ಕೊರೆಯುವುದು. ಅದು ಸಾಗಿದ ಕಡೆ ತೊಗಟೆಯ ಮೇಲೆ ಏಣುಗಳು ಏಳುವುವು. ದುಂಬಿಯು ಹಾರುವ ಕಾಲಕ್ಕೆ ಮುಂಚೆ ಮುಖ್ಯ ಕಾಂಡದ ಮತ್ತು ದಪ್ಪ ರೆಂಬೆಗಳ ಸಡಿಲ ಸಿಪ್ಪೆಯನ್ನು ತೆಂಗಿನ ಮಟ್ಟೆಯಿಂದಲೋ ನಾರಿನ ಕೈಚೀಲದಿಂದಲೋ ಉಜ್ಜಿ ತೆಗೆದರೆ ಮೊಟ್ಟೆಗೆ ಜಾಗವಿರದು. ಆದರೆ ಒಳಗಿನ ಹಸುರು ಕಾಣುವಷ್ಟು ಉಜ್ಜಕೂಡದು. ಚಾಕು ಮಚ್ಚುಗಳನ್ನು ಈ ಕೆಲಸಕ್ಕೆ ಮುಟ್ಟಲೇಕೂಡದು. ಉಜ್ಜಿದ ಮೇಲೆ 10 ಲೀಟರ್ ನೀರಿಗೆ 1 ಕಿಲೋ ಸುಣ್ಣದಂತೆ ಕಲಸಿ ಕಾಂಡಕ್ಕೆ ಬಳಿಯುವುದುಂಟು. ಈ ದುಂಬಿಗೆ ಬಿಸಿಲೆಂದರೆ ಪ್ರೀತಿ. ಆದುದರಿಂದ ನೆರಳನ್ನು ಮಿತಿಮೀರಿ ಸವರಬಾರದು. ಏಣು ಕಂಡ ಗಿಡಗಳನ್ನು ದುಂಬಿ ಹೊರಬೀಳುವುದಕ್ಕೆ ಮೊದಲೇ ಕಿತ್ತು ಸುಡಬೇಕು.

ಕೊಡಗಿನ ಕಿತ್ತಳೆಗೂ ಬಯಲುಸೀಮೆಯ ನಿಂಬೆಗೂ ಬುಡದ ತೊಗಟೆಯಿಂದ ಅಂಟು ಸೋರುವ ರೋಗವೊಂದಿದೆ. ಮಣ್ಣಿನಲ್ಲಿರುವ ಶಿಲೀಂಧ್ರವು ನೀರಿನ ಮೂಲಕ ಕಾಂಡಕ್ಕೆ ಸೇರಿ ಒಳತೊಗಟೆಯನ್ನು ಕೊಳೆಯಿಸುವುದು. ಕೊಳೆತವು ಸುತ್ತಲೂ ಹಬ್ಬಿದರೆ ಉಂಗುರ ಸುಲಿದಂತೆಯೇ ಆಗಿ, ಎಲೆಗಳು ಹಳದಿಯಾಗಿ ಮರವು ಸಾಯುವುದು. ಕಸಿಯ ಸಂಧಿಯು ನೆಲದಿಂದ ಗೇಣೆತ್ತರ ಮೇಲಿರುವಂತೆ ನೆಡಬೇಕು. ಕಾಂಡದ ಸುತ್ತ ಮಣ್ಣನ್ನು ದಿಬ್ಬದಂತೆ ಇಳಿಜಾರು ಮಾಡಿ, ಅದರ ಹೊರಗಡೆ ಪಾತಿ ಕಟ್ಟಿ ನೀರು ಹಾಯಿಸಬೇಕು. ನೀರು ಕಾಂಡವನ್ನು ಮುಟ್ಟಕೂಡದು. ಮುಂಗಾರಿಗೆ ಮುಂಚೆ ಬುಡಕ್ಕೆ ಬೋರ್ಡೋ ಮುಲಾಮನ್ನು ಬಳಿಯುವುದು ಉತ್ತಮ. ರೋಗವು ತೋರಿದಲ್ಲಿ ಕೆಟ್ಟ ತೊಗಟೆಯನ್ನು ಆರೋಗ್ಯವಾದ ಅಂಚು ಸಿಕ್ಕುವವರೆಗೆ ಕೆರೆದು ತೆಗೆದು ಅದೇ ಮುಲಾಮನ್ನು ಹಚ್ಚಬೇಕು.

ಆಲೂಗಡ್ಡೆಯನ್ನು ಇಲ್ಲಿ ಏಕೆ ಹೇಳಿದೆಯೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಗಡ್ಡೆಯು ನೆಲದೊಳಗಿನ ಕಾಂಡ; ಅದರ ತೆಳುವಾದ ಸಿಪ್ಪೆಯು ಬೆಂಡೇ ಆಗಿದೆ. ಆ ಸಿಪ್ಪೆಯ ಮೇಲಿನ ಚುಕ್ಕೆಗಳೇ ಉಸಿರುರಂಧ್ರಗಳು. ಹೊಲದಲ್ಲಿ ನೀರು ನಿಂತರೆ ಅವು ಬಿಳಿಯಾಗಿ ಉಬ್ಬಿ ತೋರುವುವು. ಬಿತ್ತನೆಗೆ ಗಡ್ಡೆಯನ್ನು ಕತ್ತರಿಸಿದಾಗ ಕತ್ತರಿಸಿದ ಮುಖದಲ್ಲಿ ಹೊಸ ಬೆಂಡು ಕಟ್ಟಿಕೊಳ್ಳಬೇಕು. ಅದಕ್ಕೆ ತಂಪು, ತೇವಗಾಳಿ ಮತ್ತು ಕೆಲವು ದಿನಗಳ ಅವಕಾಶ ಬೇಕು. ಕತ್ತರಿಸಿದ ಹೋಳುಗಳನ್ನು ಬಿಸಿಲಿನಲ್ಲಿ ಹರಡಿದರೆ ಮುಖವು ಬೇಗನೆ ಒಣಗುವುದು ನಿಜ; ಆದರೆ ಒಣಗುವುದು ಬೇರೆ, ಬೆಂಡು ಕಟ್ಟುವುದು ಬೇರೆ. ಬಿಸಿಲಿಗೆ ಮೇಲಿನ ಕಣಗಳು ಸತ್ತು, ಬೆಂಡು ಕಟ್ಟದೆ, ಮಣ್ಣಿನ ತೇವ ತಗುಲಿದೊಡನೆ ಹೋಳು ಕೊಳೆಯುವುದು. ಹೋಳುಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ತೆಳುವಾಗಿ ಹರಡಿ, ಒದ್ದೆ ಗೋಣಿಯನ್ನು ಹೊದಿಸಿ, ಕತ್ತರಿಸಿದ ಮುಖವು ಗಟ್ಟಿ ಹೊಪ್ಪಳೆ ಕಟ್ಟಿದ ಮೇಲೆ ಬಿತ್ತಬೇಕು. ಹಾಸನದ ಸೀಮೆಯಲ್ಲಿ ಮುಂಗಾರಿನ ಬೆಳೆಗೆ ಸಣ್ಣ ಗಡ್ಡೆಗಳನ್ನು ಇಡಿಯಾಗಿಯೇ ಬಿತ್ತುವುದು ಇನ್ನೂ ಕ್ಷೇಮ. ಕೊಯ್ಲಿಗೆ 10ರಿಂದ 15 ದಿನ ಮೊದಲು ಗಿಡದ ಮೇಲ್ಭಾಗವನ್ನು ಕತ್ತರಿಸಿದರೆ ನೆಲದಲ್ಲಿಯೇ ಸಿಪ್ಪೆಯು ಬಲಿತು, ಸಾಗಣೆಯಲ್ಲಿ ಸುಲಿಯದೆ ಗಡ್ಡೆಯು ಹೆಚ್ಚು ದಿನ ಕೆಡದೆ ಉಳಿಯುವುದು.

7. ಗ್ರಾಮದ ಹಿರಿಯರಿಗೆ ವಿಜ್ಞಾಪನೆ

ಸ್ವಂತ ತೋಟದ ಮರಕ್ಕೆ ಯಜಮಾನನಿದ್ದಾನೆ. ರಸ್ತೆಯ ಸಾಲುಮರ, ಗುಂಡುತೋಪು, ಕಟ್ಟೆಯ ಅರಳಿ, ಶಾಲೆಯ ಮುಂದಿನ ಹೊಂಗೆ ಇವುಗಳಿಗೆ ಊರೇ ಯಜಮಾನ. ಹೊಲಕ್ಕೆ ನೆರಳು ಬೀಳುತ್ತದೆಯೆಂದು ಸಾಲುಮರದ ಬುಡದ ತೊಗಟೆಯನ್ನು ರಾತ್ರಿಯಲ್ಲಿ ಸುಲಿದುಬಿಡುವವರುಂಟು. ಮರವು ಒಂದೆರಡು ವರ್ಷದ ಮೇಲೆ ಒಣಗುವುದರಿಂದ ಯಾರ ಕೆಲಸವೆಂದು ತಿಳಿಯುವುದೇ ಇಲ್ಲ. ಔಷಧಕ್ಕೆಂದು ಅಶೋಕ, ಹೊಳೆಮತ್ತಿ ಮುಂತಾದುವುಗಳ ತೊಗಟೆಯನ್ನು ಸುತ್ತಲೂ ಕೆತ್ತಿ ಒಯ್ಯುವುದೂ ಇದೇ ಬಗೆಯ ಹಾನಿ. ಔಷಧಕ್ಕೆ ಬೇಕಾದರೆ ದಪ್ಪ ಕೊಂಬೆಯ ಒಂದು ಮಗ್ಗುಲಿನಿಂದ, ಮೇಲಿನಿಂದ ಕೆಳಕ್ಕೆ ಕಿರಿದಾದ ಪಟ್ಟಿಯಂತೆ ತೆಗೆಯಬೇಕು; ಅದು ಮಾಯುವವರೆಗೆ ಆ ಮರದಿಂದ ಮತ್ತೆ ತೆಗೆಯಕೂಡದು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಊರಿನ ಮುಖಂಡರು ನಾಲ್ಕು ಜನರೊಡನೆ ಸಾರ್ವಜನಿಕ ಮರಗಳ ಬುಡವನ್ನು ಸುತ್ತಿ ನೋಡಿ, ತಂತಿ ಮೊಳೆಗಳನ್ನು ತೆಗೆಸುವ ವಾಡಿಕೆಯನ್ನಿಟ್ಟುಕೊಂಡರೆ ಬಹು ಉಪಕಾರವಾಗುವುದು.

ಮೇಲೆ ವಿವರಿಸಿದ ವಿಷಯಗಳ ಸಾರಾಂಶ:

(1) ಒಣಗಿದ ಹೊರಸಿಪ್ಪೆಯನ್ನು ಅವಶ್ಯವಿದ್ದಾಗ ಉಜ್ಜಿ ತೆಗೆಯಬಹುದು. ಹಸುರು ಕಂಡೊಡನೆ ಕೈ ನಿಲ್ಲಿಸಬೇಕು.

(2) ಯಾವ ಮರದ ತೊಗಟೆಯನ್ನೂ ಸುತ್ತಲೂ ಉಂಗುರವಾಗಿ ಕೆಡಿಸಕೂಡದು. ಗೂಟಿಯ ಕೊಂಬೆ ಮಾತ್ರ ಇದಕ್ಕೆ ಹೊರತು.

(3) ಬೇಲಿಯ ತಂತಿಗೆ ಕಲ್ಲುಕಂಬ ಅಥವಾ ಮರದ ಗೂಟ ನೆಡಬೇಕು. ಜೀವಂತ ಮರಕ್ಕೆ ತಂತಿ ಸುತ್ತಕೂಡದು. ದನಗಳನ್ನು ಗೂಟಕ್ಕೆ ಕಟ್ಟಬೇಕು.

(4) ಕಾಂಡದ ಬುಡಕ್ಕೆ ಮಣ್ಣು, ಗೊಬ್ಬರ ಒಟ್ಟಕೂಡದು. ಬುಡದ ಬಳಿ ಕಸಕ್ಕೆ ಬೆಂಕಿಯಿಡಕೂಡದು.

(5) ಕೊಂಬೆಯನ್ನು ಗರಗಸದಿಂದ, ಬುಡದ ಉಬ್ಬನ್ನು ಉಳಿಸಿ ಕೊಯ್ಯಬೇಕು.

(6) ತೆಂಗು ಅಡಿಕೆಗಳ ಗಾಯವು ಮಾಯುವುದಿಲ್ಲವಾದುದರಿಂದ ಅವುಗಳ ಕಾಂಡಕ್ಕೆ ಗಾಯವನ್ನೇ ಮಾಡಕೂಡದು.

(7) ಕತ್ತರಿಸಿದ ಆಲೂಗಡ್ಡೆಯ ಹೋಳನ್ನು ನೆರಳಿನಲ್ಲಿ ಹೊಪ್ಪಳೆ ಕಟ್ಟಿಸಿ ಬಿತ್ತಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲ. ಬೇಕಾದುದು ಗಮನ ಮಾತ್ರ. ಓದುಬಲ್ಲ ಮಹನೀಯರು ಇದನ್ನು ನೆರೆಹೊರೆಯ ಒಕ್ಕಲುಗಳಿಗೂ, ಮುಖ್ಯವಾಗಿ ಮಚ್ಚು ಹಿಡಿಯುವ ಆಳುಮಕ್ಕಳಿಗೂ, ಒಂದು ಹಸಿಕೊಂಬೆಯನ್ನು ಕೊಯ್ದು ಪದರಗಳನ್ನು ಕೈಯಾರೆ ತೋರಿಸಿ ತಿಳಿಸಿಕೊಡಬೇಕಾಗಿ ಕೋರಲಾಗಿದೆ.